ಸಾಕ್ಷಿ ತುತ್ತು

ಹನ್ನೊಂದು ಬನ್ನುಗಳನ್ನು ಚೀಲದಿಂದ ಮೇಜಿನ ಮೇಲೆ ಸುರುವಿ ತಮ್ಮ ಮತ್ತೆ ಅದೇ ರಾಗ ಎಳೆದ. ಗಂಟು ಸರಿಯಿಲ್ಲವಂತೆ, ಬೆರಳಿಗೆ ಸಿಗುತ್ತಿಲ್ಲವಂತೆ, ಅಕ್ಕನಿಗೆ ಈಗೀಗ ಕೆಲಸದಲ್ಲಿ ಮನಸ್ಸೇ ಇಲ್ಲವಂತೆ. ಅಕ್ಕ ಕೈಯಲ್ಲಿದ್ದ ಸೂಜಿಯನ್ನು ಸೂಜಿದಿಂಬಿಗೆ ಚುಚ್ಚಿದಳು, ಕನ್ನಡಕವನ್ನು ಹಣೆಗೇರಿಸಿದಳು, ಒಂದು ಬನ್ನನ್ನು ಮಗುಚಿ ಹೆಬ್ಬೆರಳಿನಿಂದ ತಡವಿದಳು. ಗಂಟು ಇರಬೇಕಾದ ಜಾಗದಲ್ಲೇ ಇತ್ತು. ಕುರುಡನಿಗೂ ಸಿಗುವಷ್ಟು ದಪ್ಪಗಿತ್ತು. ಇನ್ನೇನು ಮಾಡಬೇಕು, ಗಂಟಿಗೆ ಗಂಟೆ ಕಟ್ಟಬೇಕೇ?

ಅವು ತಿನ್ನುವ ಬನ್ನುಗಳಲ್ಲ, ಸ್ಪಂಜಿನವು. ತಮ್ಮ ಜಾದೂಗಾರ. ಹತ್ತನೇ ತರಗತಿ ಎರಡು ಸಲ ಕೈಕೊಟ್ಟರೂ ರಂಗದ ಮೇಲೆ ಅವನು ಪ್ರೊಫೆಸರ್. ವರ್ಷದ ಕೊನೆಯ ರಜೆ ಹತ್ತಿರ ಬಂತೆಂದರೆ ಶಾಲೆ, ಕ್ಲಬ್ಬು, ಕಾರ್ಖಾನೆ ಎಲ್ಲ ಕಡೆಯಿಂದಲೂ ಅವನ ‘ರಜೆಯ ಔತಣ’ಕ್ಕೆ ಕರೆ ಬರುತ್ತದೆ. ಒಂದು ಖಾಲಿ ಮೇಜು, ಒಂದು ಬಿಳಿ ಬಟ್ಟೆ, ಅಷ್ಟೇ. ಬಟ್ಟೆ ಕೊಡವಿದಂತೆಲ್ಲ ಮೇಜಿನ ಮೇಲೆ ಮೂರಂತಸ್ತಿನ ಕೇಕು, ಇಡಿಯಾಗಿ ಹುರಿದ ಕೋಳಿ, ಕಿತ್ತಳೆಯ ರಾಶಿ, ದ್ರಾಕ್ಷಿಯ ಗೊಂಚಲು ಬಂದು ಕೂರುತ್ತವೆ. ಎಲ್ಲವೂ ಸ್ಪಂಜು, ಎಲ್ಲವೂ ಅಕ್ಕನ ಕೈಕೆಲಸ. ಮೇಜಿನಡಿಯ ತೆಳ್ಳನೆಯ ಪೆಟ್ಟಿಗೆಯಲ್ಲಿ ಚಪ್ಪಟೆಯಾಗಿ ಮಲಗಿದ್ದ ಕೋಳಿ, ಮುಚ್ಚಳ ಸರಿದೊಡನೆ ಉಬ್ಬಿ ಎದ್ದು ಕಾಲು ಚಾಚಬೇಕು. ಒಂದು ದಿನವೂ ಒಲೆ ಹೊತ್ತಿಸದೆ ಮೂವತ್ತೊಂದು ವರ್ಷದಿಂದ ಅವಳು ಕೋಳಿ ಹುರಿದಿದ್ದಾಳೆ. ರಂಗದ ಹಿಂದಿನ ಜನರಿಗೆಲ್ಲ ಅವಳು ಸ್ಪಂಜಕ್ಕ.

ಆಟದ ಕೊನೆಗೆ ಬರುವುದು ಬನ್ನಿನ ಬುಟ್ಟಿ. ಅದರಲ್ಲಿ ಹನ್ನೆರಡು ಬನ್ನು. ಹನ್ನೊಂದು ಸ್ಪಂಜಿನವು, ಒಂದು ಮಾತ್ರ ಬೇಕರಿಯದು. ಜಾದೂಗಾರ ಬುಟ್ಟಿಗೆ ಕೈಹಾಕಿ ಆ ಒಂದನ್ನು ತೆಗೆದು ಮುಂದಿನ ಸಾಲಿನ ಯಾರಿಗಾದರೂ ಕೊಡುತ್ತಾನೆ, ಅವರು ಎಲ್ಲರೆದುರು ಕಚ್ಚಿ ತಿನ್ನುತ್ತಾರೆ. ಅದಕ್ಕೆ ಸಾಕ್ಷಿ ತುತ್ತು ಎಂದು ಹೆಸರು. ಆ ಒಂದು ತುತ್ತು ನಿಜವಾದರೆ ಮೇಜಿನ ಮೇಲಿನ ಕೋಳಿಯೂ ನಿಜ, ಕೇಕೂ ನಿಜ. ಇದು ಅಪ್ಪ ಕಟ್ಟಿದ ಆಟ, ಅದಕ್ಕೆ ಅಪ್ಪನದೇ ಮೂರು ಕಟ್ಟಳೆ. ನಿಜದ ಬನ್ನು ಸುಳ್ಳಿನ ಬನ್ನುಗಳ ಜೊತೆಯಲ್ಲೇ ಇರಬೇಕು. ಸಾಕ್ಷಿ ನಮ್ಮವರಾಗಿರಕೂಡದು. ಜಾದೂಗಾರ ಬುಟ್ಟಿಯೊಳಗೆ ಕಣ್ಣು ಹಾಯಿಸಕೂಡದು, ಯಾಕೆಂದರೆ ಅವನು ನೋಡಿದ ಕಡೆ ಸಭೆಯೂ ನೋಡುತ್ತದೆ. ಸ್ಪಂಜು ಉಬ್ಬುವಾಗ ಬನ್ನುಗಳು ಒಂದರ ಮೇಲೊಂದು ಉರುಳಿ ಕಲೆತುಹೋಗುವುದರಿಂದ ನಿಜದ್ದಕ್ಕೆ ಇಂಥದೇ ಜಾಗ ಎಂದು ಗೊತ್ತುಮಾಡಲೂ ಆಗದು. ಹಾಗಾಗಿ ಪ್ರತಿ ಸುಳ್ಳು ಬನ್ನಿನ ತಳದಲ್ಲೂ ಅಕ್ಕ ದಾರದಿಂದ ಒಂದು ಗುರುತಿನ ಗಂಟು ಹಾಕುತ್ತಾಳೆ. ಗಂಟು ಬೆರಳಿಗೆ ತಾಕಿದರೆ ಬಿಡು, ತಾಕದಿದ್ದರೆ ಎತ್ತು.

ಹೋದ ವಾರ ಒಂದು ಶಾಲೆಯ ಸಭಾಂಗಣದಲ್ಲಿ ತಮ್ಮ ಎತ್ತಿದ್ದು ಸ್ಪಂಜಿನದನ್ನು. ಕಚ್ಚಿದವರು ನಿವೃತ್ತ ಮುಖ್ಯೋಪಾಧ್ಯಾಯಿನಿ. ಬಲವಾಗಿಯೇ ಕಚ್ಚಿದರು. ಬನ್ನು ಬಾಯಿಂದ ಈಚೆ ಬಂದಾಗ ಅವರ ಕಟ್ಟಿಸಿದ ಹಲ್ಲು ಅದರಲ್ಲೇ ಉಳಿದಿತ್ತು. ಮಕ್ಕಳು ಬೆಂಚಿನಿಂದ ಬಿದ್ದು ಬಿದ್ದು ನಕ್ಕರು. ಪ್ರೊಫೆಸರ್ ಮುಖ ಎತ್ತಿಕೊಂಡು ತಿರುಗಾಡುವಂತಿರಲಿಲ್ಲ, ಸುದ್ದಿ ಅವನಿಗಿಂತ ಮೊದಲೇ ಎಲ್ಲ ಕಡೆ ಹೋಗಿ ಕೂತಿತ್ತು. ವರ್ಷದ ಕೊನೆಯ ದಿನ ಕಾಗದದ ಕಾರ್ಖಾನೆಯ ನೌಕರರ ಸಂಘದಲ್ಲಿ ದೊಡ್ಡ ಆಟ, ಹತ್ತೊಂಬತ್ತು ವರ್ಷದಿಂದ ತಪ್ಪದೆ ನಡೆದದ್ದು. ಅಲ್ಲಿಯ ಕಾರ್ಯದರ್ಶಿ ಫೋನು ಮಾಡಿ, ಇಲ್ಲಿ ಹಾಗೇನಾದರೂ ಆದರೆ ಇದೇ ಕೊನೆ, ಸಾಕ್ಷಿಯನ್ನು ಈ ಸಲ ನಾನೇ ಆರಿಸುತ್ತೇನೆ ಎಂದು ಹೇಳಿ ಫೋನಿಟ್ಟಿದ್ದ.

ತಪ್ಪು ಯಾರದು? ಅಕ್ಕನದು. ತಮ್ಮನ ಲೆಕ್ಕದಲ್ಲಿ ಎಲ್ಲ ತಪ್ಪೂ ಅಕ್ಕನದೇ. ಕೇಕು ನಿಧಾನವಾಗಿ ಎದ್ದರೆ ಸ್ಪಂಜು ಕೆಟ್ಟದ್ದು, ಬೇಗ ಎದ್ದರೆ ಹೊಲಿಗೆ ಸಡಿಲ. ಮೂವತ್ತೊಂದು ವರ್ಷದಲ್ಲಿ ಒಂದು ಸಲವಾದರೂ ಚೆನ್ನಾಗಿದೆ ಅಕ್ಕ ಎಂದವನಲ್ಲ. ಅವಳೂ ಕೇಳಿದವಳಲ್ಲ. ಆದರೆ ಕೇಳದಿದ್ದ ಮಾತ್ರಕ್ಕೆ ಬೇಡವೆಂದಲ್ಲವಲ್ಲ. ಅವಳಿಗೆ ಬೇಕಾಗಿದ್ದದ್ದು ಅದೊಂದೇ ಮಾತು, ಅದೂ ಬನ್ನಿನ ಬಗ್ಗೆಯೇ. ಬೇಕರಿಯವನೇ ಒಮ್ಮೆ ಮೋಸಹೋಗಿ ಅವಳ ಬನ್ನಿಗೆ ಬೆಣ್ಣೆ ಸವರಲು ಹೊರಟಿದ್ದ.

ಹಾಗಾದರೆ ನಿಜದ್ದನ್ನು ಕೋಟಿನ ಜೇಬಲ್ಲಿ ಇಟ್ಟುಕೋ ಎಂದಳು ಅಕ್ಕ. ಅಪ್ಪ ಇದ್ದಿದ್ದರೆ ಈ ಮಾತಿಗೆ ನಿನ್ನ ಕೆನ್ನೆಗೆ ಬಾರಿಸುತ್ತಿದ್ದ ಎಂದು ತಮ್ಮ ರೇಗಿದ. ಆಮೇಲೆ ಮುಖ ಬೇರೆ ಕಡೆ ತಿರುಗಿಸಿಕೊಂಡು, ಪೇಟೆಯ ಅಂಗಡಿಯವನ ಹತ್ತಿರ ಅಚ್ಚಿನಲ್ಲಿ ಎರೆದ ರಬ್ಬರಿನ ಬನ್ನುಗಳು ಬಂದಿವೆ, ತಳದ ಗುರುತು ಬೆರಳಿಗೆ ಸರಿಯಾಗಿ ಸಿಗುವ ಹಾಗಿದೆ, ಎಂದು ಗೋಡೆಗೆ ಹೇಳಿದ. ಅಕ್ಕನ ಪಿತ್ತ ನೆತ್ತಿಗೇರಿತು. ಇಷ್ಟು ದಿನದ ಕ್ಯಾತೆಗೆಲ್ಲ ಮೂಲ ಇಲ್ಲಿದೆ! ತನ್ನನ್ನು ಕೈಬಿಡಲು ಇವನಿಗೊಂದು ನೆಪ ಬೇಕು.

ಚಹಾ ಮಾತ್ರ ಕೊಟ್ಟಳು. ಕೋಪಕ್ಕೂ ಚಹಾಕ್ಕೂ ಆ ಮನೆಯಲ್ಲಿ ಸಂಬಂಧವಿರಲಿಲ್ಲ. ಕುದಿಯುವ ಲೋಟವನ್ನು ಅವನು ಬರಿಗೈಯಲ್ಲಿ ಹಿಡಿದುಕೊಂಡು ರಬ್ಬರಿನ ಗುಣಗಾನ ಮಾಡುತ್ತಲೇ ಇದ್ದ. ಮೊದಲೆಲ್ಲ ಲೋಟವನ್ನು ಕಿಟಕಿಯಲ್ಲಿಟ್ಟು ಹತ್ತು ನಿಮಿಷ ಊದುತ್ತಿದ್ದವನು. ಅಕ್ಕ ಅದನ್ನು ನೋಡಿದಳು, ಆದರೆ ಅವಳ ತಲೆಯ ತುಂಬ ಅಂಗಡಿಯವನೇ ಕೂತಿದ್ದ.

ಸರಿ, ಗಂಟು ಬೇಡ, ಮಣಿ ಹೊಲಿಯುತ್ತೇನೆ, ಅದೂ ಸಿಗದಿದ್ದರೆ ನೋಡೋಣ, ಎಂದು ಅವನನ್ನು ಎದುರಿಗೇ ಕೂರಿಸಿಕೊಂಡು ಹನ್ನೊಂದು ಬನ್ನಿಗೂ ಬಟಾಣಿ ಗಾತ್ರದ ಗಾಜಿನ ಮಣಿ ಹೊಲಿದಳು. ಕೋಪದಲ್ಲಿ ಹೊಲಿದ ಹೊಲಿಗೆ, ದಾರ ಎರಡು ಸಲ ಕಿತ್ತಿತು. ಅವನು ಚೀಲಕ್ಕೆ ತುಂಬಿಕೊಂಡು ಹೋದ ಮೇಲೆ, ದಿನದ ಪದ್ಧತಿಯಂತೆ ಸೂಜಿಗಳನ್ನು ಎಣಿಸಿದಳು. ಅವಳ ಸೂಜಿದಿಂಬಿನಲ್ಲಿ ಏಳು ಸೂಜಿ. ಏಳೂ ಸಿಗದೆ ಅವಳು ಕೋಣೆಯ ದೀಪ ಆರಿಸುವುದಿಲ್ಲ. ಅವತ್ತು ಸಿಕ್ಕಿದ್ದು ಆರು.

ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ನೆಲವನ್ನೆಲ್ಲ ಗುಡಿಸಿದಳು. ಸ್ಪಂಜಿನ ಚೂರುಗಳನ್ನು ಜರಡಿ ಹಿಡಿದಳು. ಕೊನೆಗೆ ತಮ್ಮನಿಗೆ ಫೋನು ಮಾಡಿ, ಬನ್ನಿನಲ್ಲೇನಾದರೂ ಉಳಿದಿದೆಯೇನೋ ನೋಡು ಎಂದಳು.

“ದಿನಕ್ಕೆ ನೂರು ಸಲ ಹಿಸುಕ್ತೀನಿ ಕಣೇ,” ಎಂದ ಅವನು. “ಸೂಜಿ ಇದ್ದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವಾ?”

ಅದೂ ಹೌದಲ್ಲ ಎಂದುಕೊಂಡಳು ಅಕ್ಕ. ಹುಡುಗನಾಗಿದ್ದಾಗ ಬೆರಳಿಗೆ ಸಣ್ಣ ಸಿಬಿರು ಹೊಕ್ಕರೂ ಬೀದಿಯ ಜನರನ್ನೆಲ್ಲ ಸೇರಿಸುತ್ತಿದ್ದವನು ಅವನು.

ಆಟಕ್ಕೆ ನಾಲ್ಕು ದಿನ ಉಳಿದಿರುವಾಗ ತಮ್ಮ ಮತ್ತೆ ಬಂದ. ಹೆಬ್ಬೆರಳಿಗೆ ಪಟ್ಟಿ ಸುತ್ತಿಕೊಂಡಿದ್ದ. ಏನಾಯಿತೆಂದರೆ ಈರುಳ್ಳಿ ಹೆಚ್ಚುವಾಗ ಕುಯ್ದುಕೊಂಡೆ ಎಂದ. ಈರುಳ್ಳಿ ಯಾವ ಕಡೆಯಿಂದ ಹೆಚ್ಚುತ್ತಾರೆಂದು ತಿಳಿಯದ ಗಂಡಸು! ಅಕ್ಕ ಮೂಗಿನಲ್ಲೇ ನಕ್ಕಳು. ಆದರೆ ಅವನು ಚೀಲ ಸುರುವಿ, ಮಣಿಯಿಂದಲೂ ಪ್ರಯೋಜನವಿಲ್ಲ, ಹತ್ತು ಸಲದಲ್ಲಿ ಆರು ಸಲ ತಪ್ಪುತ್ತಿದೆ ಎಂದಾಗ ನಗು ಹಾರಿಹೋಯಿತು.

“ಬಟಾಣಿ ಗಾತ್ರದ ಮಣಿ,” ಎಂದಳು. “ಎಮ್ಮೆ ಕಾಲಿಟ್ರೂ ಗೊತ್ತಾಗತ್ತೆ. ನಿನ್ನ ಬೆರಳಿಗೇನು ಬಂದಿದೆ ರೋಗ?”

ತಮ್ಮ ಪಟ್ಟಿ ಸುತ್ತಿದ ಕೈಯನ್ನು ಜೇಬಿಗೆ ಇಳಿಸಿದ. ಆಮೇಲೆ ನನ್ನ ಬೆರಳಿಗೇನೂ ಆಗಿಲ್ಲ, ರೋಗ ಇರುವುದು ನಿನ್ನ ಹೊಲಿಗೆಗೆ ಎಂದ. ಈ ಆಟವೊಂದು ಮುಗಿಯಲಿ, ಹೊಸ ವರ್ಷದಿಂದ ಅಂಗಡಿಯ ರಬ್ಬರೇ ಗತಿ ಎಂದೂ ಹೇಳಿ ಬಾಗಿಲು ಎಳೆದುಕೊಂಡು ಹೋದ.

ಅಕ್ಕನಿಗೆ ಅಳು ಬರಲಿಲ್ಲ, ಮೈ ಉರಿಯಿತು. ಹೋಗಲಿ, ಹಾಳಾಗಿಹೋಗಲಿ, ರಬ್ಬರನ್ನೇ ತಲೆಯ ಮೇಲೆ ಹೊತ್ತು ಕುಣಿಯಲಿ. ಕತ್ತರಿ ತೆಗೆದುಕೊಂಡು ಒಂದೊಂದೇ ಬನ್ನಿನ ಮಣಿ ಕಿತ್ತೆಸೆಯತೊಡಗಿದಳು. ಆರು ಮುಗಿಯಿತು. ಏಳನೆಯದನ್ನು ಅಂಗೈಯಲ್ಲಿ ಒತ್ತಿ ಹಿಡಿದೊಡನೆ ಚುರ್ ಎಂದಿತು, ಹಾ ಎಂದು ಕೈಬಿಟ್ಟಳು. ಬೆರಳ ತುದಿಯಲ್ಲಿ ರಕ್ತ ಹನಿಯೊಡೆದಿತ್ತು.

ಸೂಜಿ ಅಡ್ಡಡ್ಡ ಹುದುಗಿತ್ತು. ಬನ್ನನ್ನು ಸೀಳಿ ಅದನ್ನು ಹೊರಗೆಳೆದಳು. ಅಯ್ಯೋ, ಕೋಪದಲ್ಲಿ ಎಂಥ ಕೆಲಸ ಮಾಡಿಬಿಟ್ಟೆ, ಇದು ಅವನಿಗೆ ಚುಚ್ಚಿದ್ದರೆ, ಎಂದುಕೊಳ್ಳುತ್ತಿರುವಾಗಲೇ ಸ್ಪಂಜಿನ ಒಳಗಿನ ಕಲೆಗಳು ಕಣ್ಣಿಗೆ ಬಿದ್ದವು. ಒಣಗಿ ಕಂದಾದ ಚುಕ್ಕಿಗಳು. ಒಂದೆರಡಲ್ಲ. ಕೆಲವು ಹಳೆಯವು, ಕೆಲವು ಅದರ ಮೇಲೆ ಬಿದ್ದ ಹೊಸವು. ಚುಚ್ಚಿತ್ತು. ನೂರು ಸಲ ಹಿಸುಕಿದವನಿಗೆ ಎಷ್ಟು ಸಲ ಚುಚ್ಚಿತ್ತೋ. ಪಟ್ಟಿ ಸುತ್ತಿಕೊಂಡಿದ್ದು ರಕ್ತ ಕಂಡ ಮೇಲೆ, ನೋವಾಗಿ ಅಲ್ಲ.

ಕುರ್ಚಿಯ ಮೇಲೆ ಕೂತಳು. ಕುದಿಯುವ ಲೋಟ ಈಗ ನೆನಪಾಯಿತು. ಗಂಟು, ಮಣಿ, ಎರಡೂ ಸಿಗದಿದ್ದುದರ ಕಾರಣವೂ ಎದುರಿಗೇ ಬಂದು ನಿಂತಿತು.

ಆ ಸಂಜೆಯೇ ತಮ್ಮನ ಮನೆಗೆ ಫೋನು ಮಾಡಿದಳು. ಎತ್ತಿದವಳು ಅವನ ಹೆಂಡತಿ. ಅದು ಇದು ಮಾತಾಡಿ, ಅವನ ಕೈ ಹೇಗಿದೆ ಎಂದು ಅಕ್ಕ ಮೆಲ್ಲಗೆ ಕೇಳಿದಳು. ಚಳಿಗೆ ಬೆರಳು ಮರಗಟ್ಟುತ್ತದಂತೆ, ಮೂರು ತಿಂಗಳಿಂದ ಅಂಗಿಯ ಗುಂಡಿಯನ್ನೂ ನಾನೇ ಹಾಕಬೇಕು, ಡಾಕ್ಟರ ಹೆಸರೆತ್ತಿದರೆ ಮೈಮೇಲೆ ಬರುತ್ತಾರೆ, ಎಂದಳು ಅವಳು. ಚಳಿ! ಮೂರು ತಿಂಗಳ ಹಿಂದೆ ಫ್ಯಾನಿಲ್ಲದೆ ಕೂರುವಂತಿರಲಿಲ್ಲ. ಅಷ್ಟರಲ್ಲಿ ತಮ್ಮನೇ ಫೋನು ಕಿತ್ತುಕೊಂಡು, ಹನ್ನೊಂದಕ್ಕೂ ವಾಪಸು ಗಂಟನ್ನೇ ಹಾಕಿಕೊಡು, ಈ ಸಲವಾದರೂ ಮನಸ್ಸಿಟ್ಟು ಹಾಕು ಎಂದ. ಏನೆಂದು ಹೇಳುವುದು? ನಿನಗಿನ್ನು ಆಟವಿಲ್ಲ ಎಂದೇ? ಅವನು ತಾನೇ ಹೇಳದೆ ಮುಚ್ಚಿಟ್ಟು, ಅದರ ಭಾರವನ್ನೆಲ್ಲ ತನ್ನ ಹೊಲಿಗೆಯ ಮೇಲೆ ಹೊರಿಸಿದನಲ್ಲ ಎಂಬ ಸಿಟ್ಟೂ ಇತ್ತು, ಆ ಸಿಟ್ಟಿಗೆ ಈಗ ಎಲ್ಲಿಯೂ ಜಾಗವಿರಲಿಲ್ಲ. ಗಂಟು ಹಾಕಿಕೊಡುತ್ತೇನೆ ಎಂದಳು. ಸೀಳಿದ್ದರ ಬದಲಿಗೆ ಹೊಸದೊಂದನ್ನೂ ಮಾಡಿ ಬಣ್ಣ ಬಳಿದಳು.

ವರ್ಷದ ಕೊನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಅಕ್ಕ ಕಾರ್ಖಾನೆಯ ಸಭಾಂಗಣದ ಮೊದಲ ಸಾಲಿನಲ್ಲಿ, ಮೆಟ್ಟಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಅಲ್ಲಿಗೆ ಬಂದವಳಲ್ಲ, ಕಾರ್ಯದರ್ಶಿಗೆ ಅವಳ ಮುಖಪರಿಚಯವೂ ಇಲ್ಲ. ಯಾವನೋ ಕೆಲಸಗಾರನ ತಾಯಿ ಎಂದುಕೊಂಡು ಅವನೇ ಕುರ್ಚಿ ಸರಿಸಿ ಕೊಟ್ಟಿದ್ದ. ಛಾವಣಿಗೆ ಬಣ್ಣದ ಕಾಗದದ ಸರಗಳು, ಕಿಟಕಿಗಳಿಗೆ ಮಿಣುಕುದೀಪ, ಸಭೆಯ ತುಂಬ ಹೊಸ ಬಟ್ಟೆಯ ಮಕ್ಕಳು.

ತಮ್ಮ ಬಟ್ಟೆ ಕೊಡವಿದ. ಕೇಕು ಎದ್ದಿತು, ಒಂದಂತಸ್ತು, ಎರಡು, ಮೂರು. ಕೋಳಿ ಉಬ್ಬಿ ಕಾಲು ಚಾಚಿತು. ಹಿಂದಿನ ಸಾಲಿನ ಮಗುವೊಂದು ನನಗೆ ಕಾಲು ಬೇಕು ಎಂದು ಹಟ ಹಿಡಿಯಿತು. ಬೆಳಕಿನಲ್ಲಿ ಕೋಳಿಯ ಚರ್ಮ ಎಣ್ಣೆಯಾಡಿದಂತೆ ಹೊಳೆಯುತ್ತಿತ್ತು. ಆ ಹೊಳಪಿಗೆ ಅವಳು ಎಷ್ಟು ಸಲ ವಾರ್ನಿಷು ಬದಲಾಯಿಸಿದ್ದಳು! ಮುಂದೆ ಕೂತು ನೋಡಿದರೆ ಇದು ಹೀಗೆ ಕಾಣುತ್ತದೆ ಎಂದು ಇಷ್ಟು ವರ್ಷ ಒಬ್ಬರೂ ಅವಳಿಗೆ ಹೇಳಿರಲಿಲ್ಲ. ಎರಡು ನಿಮಿಷ ಎಲ್ಲವನ್ನೂ ಮರೆತು ಅವಳೂ ಚಪ್ಪಾಳೆ ತಟ್ಟಿದಳು.

ಬುಟ್ಟಿ ಬಂತು. ಸಾಕ್ಷಿಗೆ ಯಾರು ಬರುತ್ತೀರಿ ಎಂದು ಕಾರ್ಯದರ್ಶಿ ಮೈಕಿನಲ್ಲಿ ಕೇಳಿ ಮುಗಿಸುವ ಮೊದಲೇ ಅಕ್ಕ ಎದ್ದು ನಿಂತು ಕೈ ಎತ್ತಿದ್ದಳು. ಅವಳನ್ನು ಕಂಡು ತಮ್ಮನ ಹುಬ್ಬು ಗಂಟಿಕ್ಕಿತು. ಸಾಕ್ಷಿ ನಮ್ಮವರಾಗಿರಕೂಡದು. ಆದರೆ ಆರಿಸುವವನು ಕಾರ್ಯದರ್ಶಿ, ಹಿರಿಯರಿಗೆ ಮೊದಲ ಮರ್ಯಾದೆ ಎಂದು ಅವನು ಅವಳ ಮೊಣಕೈ ಹಿಡಿದು ಮೇಲೆ ಹತ್ತಿಸಿಯೇಬಿಟ್ಟ. ನೂರಾರು ಜನರೆದುರು ಇವಳು ನನ್ನ ಅಕ್ಕ ಎನ್ನುವ ಹಾಗಿರಲಿಲ್ಲ.

ತಮ್ಮ ಸಭೆಯನ್ನು ನೋಡುತ್ತ ಬುಟ್ಟಿಗೆ ಕೈಹಾಕಿದ. ಬೆರಳು ಒಂದನ್ನು ತಡವಿ ಬಿಟ್ಟಿತು, ಇನ್ನೊಂದನ್ನು ತಡವಿ ಬಿಟ್ಟಿತು. ಮೂರನೆಯದು ತನ್ನ ಕೈಕೆಲಸವಲ್ಲವೆಂದು ಪಕ್ಕದಲ್ಲಿ ನಿಂತ ಅಕ್ಕನಿಗೆ ಕಂಡಿತು, ಗಂಟಿಲ್ಲದ್ದು, ನಿಜದ್ದು. ಅದನ್ನೂ ಬಿಟ್ಟ. ಅಕ್ಕ ಹಲ್ಲು ಕಚ್ಚಿದಳು. ಐದನೆಯದನ್ನು ಎತ್ತಿ, ನಗುತ್ತ, ಬಾಗಿ ಅವಳ ಕೈಯಲ್ಲಿಟ್ಟ.

ಮುಟ್ಟಿ ನೋಡಬೇಕಾಗಿರಲಿಲ್ಲ. ಅದು ಮೂರು ದಿನದ ಹಿಂದೆ ಅವಳೇ ಬಣ್ಣ ಬಳಿದ ಹೊಸದು, ಒಂದು ಅಂಚು ಚೂರು ಹೆಚ್ಚು ಸೀದಂತೆ ಮಾಡಿದ್ದಳು. ಗಂಟು ಅವಳ ಬೆರಳಿಗೆ ಒತ್ತುತ್ತಿತ್ತು, ಇಲ್ಲಿದ್ದೇನೆ ಎನ್ನುವ ಹಾಗೆ.

ಬಾಯಿ ತೆರೆದು ಕಚ್ಚಿದಳು. ಸ್ಪಂಜು ಹಲ್ಲಿಗೆ ಜಗ್ಗಿತು. ತಲೆ ತಗ್ಗಿಸಿ, ಸೆರಗು ಸರಿಮಾಡಿಕೊಳ್ಳುವವಳಂತೆ ಬಲವಾಗಿ ಕಿತ್ತಳು. ಬಾಯಿಯಲ್ಲಿ ಬಣ್ಣದ ಕಹಿ, ಅಂಟಿನ ವಾಸನೆ, ಎಷ್ಟು ಅಗಿದರೂ ಅಷ್ಟೇ ಇರುವ ಒಂದು ತುತ್ತು. ಕಚ್ಚಿದ ಕಡೆಯನ್ನು ಅಂಗೈಯಿಂದ ಮುಚ್ಚಿ ಹಿಡಿದಳು. ಆಟದಲ್ಲಿ ಸಾಕ್ಷಿ ಹೇಳಬೇಕಾದ ಮಾತು ಇನ್ನೂ ಬಾಕಿಯಿತ್ತು. ತಮ್ಮ ಮೈಕನ್ನು ಅವಳ ಬಾಯಿಗೆ ಹಿಡಿದು, ಹೇಗಿದೆ ಅಮ್ಮ ಎಂದು ಕೇಳಿದ. ಸಭೆ ಕಾದಿತ್ತು. ತುಂಬಿದ ಬಾಯಲ್ಲಿ ಉತ್ತರ ಹೇಗೆ ಕೊಡುವುದು? ಕಣ್ಣು ಮುಚ್ಚಿ ನುಂಗಿದಳು. ಅದು ಗಂಟಲಿನಲ್ಲಿ ಒಂದು ಸಲ ನಿಂತು, ಕಣ್ಣಲ್ಲಿ ನೀರು ತರಿಸಿ, ಕೆಳಗಿಳಿಯಿತು.

“ಬಿಸಿ ಇದೆ,” ಎಂದಳು. “ಮೆತ್ತಗಿದೆ. ಈಗ ತಾನೇ ಒಲೆಯಿಂದ ತೆಗೆದ ಹಾಗಿದೆ.”

ಸಭಾಂಗಣ ಅದುರುವಂತೆ ಚಪ್ಪಾಳೆ ಬಿತ್ತು. ಕಾರ್ಯದರ್ಶಿ ಎದ್ದು ನಿಂತು ಮುಂದಿನ ವರ್ಷಕ್ಕೂ ಪ್ರೊಫೆಸರರೇ ಎಂದು ಅಲ್ಲೇ ಘೋಷಿಸಿದ. ಅಕ್ಕ ಉಳಿದ ಬನ್ನನ್ನು ಕೈಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದಳು.

ರಂಗದ ಹಿಂದಿನ ಕೋಣೆಯಲ್ಲಿ ತಮ್ಮ ನೆಲದ ಮೇಲೆ ನಿಂತಿರಲಿಲ್ಲ. ಮೊದಲು ಬೈದ. ಯಾಕೆ ಬಂದೆ, ಯಾಕೆ ಕೈ ಎತ್ತಿದೆ, ಅಪ್ಪನ ಕಟ್ಟಳೆ ಮುರಿದೆಯಲ್ಲ. ಅವಳು ನೀರು ಕುಡಿಯುತ್ತಿದ್ದಳು, ಲೋಟದ ಮೇಲೆ ಲೋಟ. ಬೈದು ಮುಗಿದ ಮೇಲೆ ಅವನ ಮುಖ ಅರಳಿತು.

“ಆದ್ರೂ ನೋಡಿದ್ಯಾ? ಐದನೇದಕ್ಕೇ ಸಿಕ್ತು. ಈ ಸಲ ಗಂಟು ತುಂಬಾ ಚೆನ್ನಾಗಿದೆ ಅಕ್ಕ. ನಿಜವಾಗ್ಲೂ. ಮೊದ್ಲೇ ಹೀಗೆ ಹಾಕ್ಬಾರ್ದಿತ್ತಾ? ರಬ್ಬರ್ ಗಿಬ್ಬರ್ ಏನೂ ಬೇಡ.”

ಅಕ್ಕನ ಕೈಯಲ್ಲಿ ಲೋಟ ಅಲ್ಲೇ ನಿಂತಿತು. ಮೂವತ್ತೊಂದು ವರ್ಷ ಕಾದ ಮಾತು ಬಂದಿತ್ತು, ಬಂದ ಗಳಿಗೆಯಲ್ಲಿ ಅದಕ್ಕೆ ಚಿಕ್ಕಾಸಿನ ಬೆಲೆಯಿರಲಿಲ್ಲ. ಹಾಗೇ ಇರಲಿ, ನಂಬಿಕೊಂಡು ಮನೆಗೆ ಹೋಗಲಿ ಎಂದುಕೊಂಡಳು. ಆದರೆ ಎಷ್ಟು ದಿನ? ಮುಂದಿನ ಆಟದ ಬನ್ನನ್ನೂ ತಾನೇ ತಿನ್ನಬೇಕೇ?

ತಮ್ಮ ಸಾಮಾನು ಕಟ್ಟತೊಡಗಿದ. ಬುಟ್ಟಿಯಿಂದ ಬನ್ನುಗಳನ್ನು ಒಂದೊಂದಾಗಿ ತೆಗೆದು, ಹಿಸುಕಿ ಚಪ್ಪಟೆ ಮಾಡಿ ಪೆಟ್ಟಿಗೆಗೆ ತುರುಕುತ್ತ ಮಾತಾಡುತ್ತಲೇ ಇದ್ದ. ಎಂಟನೆಯದನ್ನು ಹಿಸುಕಿದಾಗ ಅವನ ಮುಷ್ಟಿಯ ಸಂದಿನಿಂದ ಏನೋ ಉದುರಿತು. ಅವನು ಮಾತಾಡುತ್ತಲೇ ಇದ್ದ. ಬೂಟಿನ ಮೇಲೆ, ನೆಲದ ಮೇಲೆ, ಕಂದು ಬಿಳಿ ಚೂರುಗಳು. ಕಣ್ಣು ಅತ್ತ ಹೋದ ಮೇಲೆಯೇ ಅವನ ಮಾತು ನಿಂತಿದ್ದು. ಮುಷ್ಟಿ ಬಿಚ್ಚಿದ. ಅಂಗೈಯ ತುಂಬ ಬೇಕರಿಯ ಬನ್ನು ಪುಡಿಯಾಗಿ ಕೂತಿತ್ತು.

ಆ ಪುಡಿಯನ್ನು ನೋಡಿದ. ಆಮೇಲೆ ಅಕ್ಕನ ಬಾಯಿಯನ್ನು ನೋಡಿದ. ಅವಳ ತುಟಿಯ ಅಂಚಿಗೆ ಬನ್ನಿನ ಕಂದು ಬಣ್ಣ ಇನ್ನೂ ಅಂಟಿಕೊಂಡಿತ್ತು.

“ನುಂಗಿಬಿಟ್ಯಾ?” ಎಂದ.

ಅಕ್ಕ ಕೈಚೀಲದಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿ ಅವನ ಮುಂದಿಟ್ಟಳು. ಒಳಗೆ ಸೂಜಿಯಿತ್ತು. ಕಳೆದಿದ್ದ ಏಳನೆಯದು. ಪಟ್ಟಿ ಸುತ್ತಿದ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಪೆಟ್ಟಿಗೆಯ ಮೇಲೆ ಕುಸಿದು ಕೂತ. ಅವಳು ಹತ್ತಿರ ಹೋಗಿ ಆ ಕೈಯನ್ನೆತ್ತಿ, ಉಳಿದ ನಾಲ್ಕು ಬೆರಳುಗಳನ್ನೂ ಒಂದೊಂದಾಗಿ ಉಗುರಿನಿಂದ ಒತ್ತಿದಳು. ಪ್ರತಿ ಸಲವೂ ಅವನು ತಲೆಯಾಡಿಸಿ ಇಲ್ಲವೆಂದ.

“ಇಷ್ಟು ದಿನ ನನ್ನ ಮೇಲೆ ಹಾಕಿದ್ಯಲ್ಲೋ,” ಎಂದಳು.

“ಗಂಟು ಯಾವತ್ತೂ ಸರಿಯಾಗೇ ಇತ್ತು ಅಕ್ಕ,” ಎಂದ ತಮ್ಮ.

ಈಗ ಅವನು ಹೇಳಿದ್ದು ನಿಜ. ಅದನ್ನು ಕೇಳಿದ ಅಕ್ಕನಿಗೆ, ಇವನು ಎದ್ದು ನಿಂತು ಗಂಟು ಸರಿಯಿಲ್ಲ, ಹೊಲಿಗೆ ಸರಿಯಿಲ್ಲ, ನಿನಗೆ ಕೆಲಸದಲ್ಲಿ ಮನಸ್ಸೇ ಇಲ್ಲ ಎಂದು ಮೊದಲಿನಂತೆ ಜಗಳಕ್ಕೆ ಬಂದರೆ ಸಾಕಪ್ಪಾ ಎನಿಸಿತು.